ತೊಡೆಯ ಮೇಲಿನ ರೊಟ್ಟಿ ಗಂಟು

ಯಲಬುರ್ಗಾದಲ್ಲಿ ನನ್ನ ಮೊದಲ ಬೆಳಿಗ್ಗೆ, ಪಕ್ಕದ ಮನೆಯ ಹುಸೇನಬಿ ಬಾಗಿಲು ತಟ್ಟದೆ ನೇರ ಅಡುಗೆಮನೆಗೆ ಬಂದರು. ಪಾತ್ರೆಯ ಮುಚ್ಚಳ ತೆಗೆದು, ನಾನು ಊರಿನಿಂದ ತಂದ ಕುಚ್ಚಲಕ್ಕಿಯ ಗಂಜಿ ನೋಡಿ, “ಯಾರಿಗೆ ಆರಾಮಿಲ್ಲರಿ ಅಮ್ಮಾರ?” ಎಂದು ಕೇಳಿದರು. ಕುಂದಾಪುರದಲ್ಲಿ ನಾವು ದಿನವೂ ಉಣ್ಣುವುದು ಇಲ್ಲಿ ರೋಗಿಯ ಪಥ್ಯ. ಆರಾಮಿಲ್ಲದವಳು ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಅವಳು ನನ್ನ ಮೊಮ್ಮಗಳು ಶೈಲಾ, ಆಗ ಒಂಬತ್ತನೇ ತರಗತಿ. ನನ್ನ ಮಗಳು ನೌಕರಿಗೆಂದು ಈ ಕಡೆ ಬಂದು ಇಲ್ಲಿಯ ಮೇಷ್ಟರನ್ನೇ ಮದುವೆಯಾಗಿದ್ದಳು. ತಾಯಿ ಮಗಳಿದ್ದ ಬಸ್ಸು ಉರುಳಿ ತಾಯಿ ಹೋದಳು, ಶೈಲಾ ಉಳಿದಳು. ಆಮೇಲೆ ಅವಳು ಬಸ್ಸು ಹತ್ತಲಿಲ್ಲ. ಯಲಬುರ್ಗಾ ಸೇರಿದ ಕೊಪ್ಪಳ ಆಗ ಬೇರೆ ಜಿಲ್ಲೆಯಾದ ಹೊಸತು. ನರ್ಸಾಗಿ ನಿವೃತ್ತಳಾದ ನಾನು, ಹುಡುಗಿಯನ್ನು ಸರಿಮಾಡಿ ಕುಂದಾಪುರಕ್ಕೆ ಕರೆದೊಯ್ದು ಓದಿಸಬೇಕೆಂದು ಬಂದೆ.

ವಾರ್ಡಿನ ಶಿಸ್ತನ್ನೇ ಮನೆಗೆ ತಂದೆ. ಬೆಳಿಗ್ಗೆ ಸ್ನಾನ, ಪಾಠ. ಸಂಜೆ ಬಸ್ ನಿಲ್ದಾಣದವರೆಗೆ ನಡಿಗೆ. ಮೊದಲು ಗೇಟು, ಆಮೇಲೆ ಬಸ್ಸಿನ ಹತ್ತಿರ, ಆಮೇಲೆ ಮೆಟ್ಟಿಲು. ಮೆಟ್ಟಿಲ ಬಳಿ ಅವಳು ನನ್ನ ಕೈ ಬಿಡಿಸಿಕೊಂಡು ಹಿಂದೆ ಸರಿಯುತ್ತಿದ್ದಳು. ಅಲ್ಲಿಂದಲೇ ಹಿಂದಿರುಗುತ್ತಿದ್ದೆವು. ತಾಯಿಯ ಹೆಸರನ್ನು ಅವಳೆದುರು ಎತ್ತಬಾರದೆಂದು ಅಳಿಯನಿಗೂ ಹೇಳಿದ್ದೆ.

ನಮ್ಮೂರಲ್ಲಿ ಮನೆಗೂ ಮನೆಗೂ ನಡುವೆ ಬೇಲಿ. ಇಲ್ಲಿ ಎರಡು ಮನೆಗೆ ಒಂದೇ ಗೋಡೆ. ಹುಸೇನಬಿ ರೊಟ್ಟಿ ಬಡಿಯುವ ಸದ್ದು ನನ್ನ ಅಲಾರಮ್ಮಿಗಿಂತ ಮುಂಚೆ ಕೇಳುತ್ತಿತ್ತು. ಶ್ರಾವಣದಲ್ಲಿ ನಾಗರಪಂಚಮಿಗೆ ಮುನ್ನ ಇಲ್ಲಿ ರೊಟ್ಟಿ ಹಬ್ಬ. ಜೋಳದ ರೊಟ್ಟಿಯನ್ನು ಹಪ್ಪಳದಂತೆ ಗರಿಯಾಗಿಸಿ ಜಾತಿ ಧರ್ಮ ನೋಡದೆ ಮನೆಮನೆಗೆ ಬೀರುತ್ತಾರೆ. ಸಾವಾದ ಮನೆಯೆಂದು ನಮಗೆ ಆ ವರ್ಷ ಹಬ್ಬವಿಲ್ಲ. ಪಾಠದ ಹೊತ್ತಿಗೆ ಶೈಲಾ ಕಾಣದೆ ಹುಡುಕಿಹೋದರೆ, ಹುಸೇನಬಿಯ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ.

“ನಿಮ್ಮವ್ವಂದೂ ಮೊದಲ ಹಿಂಗ ಆಗಿತ್ತವ್ವ. ರೊಟ್ಟಿ ಅಲ್ಲ, ಭಾರತದ ನಕಾಶೆ,” ಎಂದು ಹುಸೇನಬಿ ಚುಡಾಯಿಸಿದರು. ಶೈಲಾ ನಕ್ಕಳು. ನನ್ನ ಮಗಳು ರೊಟ್ಟಿ ಬಡಿಯಲು ಕಲಿತಿದ್ದಳೆಂಬುದೇ ನನಗೆ ಗೊತ್ತಿರಲಿಲ್ಲ.

ಮರುದಿನ ಹುಸೇನಬಿ ಬಟ್ಟೆಯ ಗಂಟು ಹಿಡಿದು ಬಂದರು. ಕುಷ್ಟಗಿಯಲ್ಲಿರುವ ಮಗಳಿಗೆ ರೊಟ್ಟಿ ಮುಟ್ಟಿಸಬೇಕು; ಬಸ್ಸಿನ ಕುಲುಕಾಟಕ್ಕೆ ಪುಡಿಯಾಗದಂತೆ ತೊಡೆಯ ಮೇಲಿಟ್ಟುಕೊಂಡು ಕೂರಲು ಜೊತೆಗೊಬ್ಬರು ಬೇಕಂತೆ. ಶೈಲಾ ಬಸ್ಸು ಹತ್ತುವುದಿಲ್ಲ ಎಂದೆ. ಅಷ್ಟರಲ್ಲಿ ಅವಳೇ ಹುಸೇನಬಿಯತ್ತ ಕೈಚಾಚಿದಳು. “ನೀ ತೂಕಡಿಸ್ತೀ ದೊಡ್ಡವ್ವ, ಎಲ್ಲಾ ಮುರೀತಾವ. ತಾ ಇಲ್ಲೆ.”

ನಾನೂ ಬರುತ್ತೇನೆಂದು ಚಪ್ಪಲಿ ಮೆಟ್ಟಿದೆ. ಹುಸೇನಬಿ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: “ನೀವು ಬ್ಯಾಡ್ರಿ ಅಮ್ಮಾರ. ನಿಮ್ಮನ್ನ ಕಂಡ್ರ ಆಕಿಗೆ ಆ ಉರುಳಿದ ಬಸ್ಸು ನೆನಪಾಗತೈತಿ.”

ಸಂಜೆ ಅವರು ಮರಳಿದಾಗ ತಿಳಿಯಿತು: ಪ್ರತಿ ತಗ್ಗಿಗೂ ಗಂಟನ್ನು ಮೇಲೆತ್ತಿ ಹಿಡಿದು, ಹುಡುಗಿ ಕಿಟಕಿಯಾಚೆ ನೋಡಲೇ ಇಲ್ಲವಂತೆ. ಆ ಸೀಟಿನಲ್ಲಿ ಅವಳ ಪಕ್ಕ ನಾನಿರಲಿಲ್ಲ ಎಂಬ ಕೊರಗು ಇಂದಿಗೂ ಹೋಗಿಲ್ಲ.

ಈಗ ಅವಳು ದಿನವೂ ಬಸ್ಸಿನಲ್ಲಿ ಕುಷ್ಟಗಿಯ ಕಾಲೇಜಿಗೆ ಹೋಗುತ್ತಾಳೆ. ಕುಂದಾಪುರದ ಮಾತು ತಾನಾಗಿ ನಿಂತಿತು. ಮೊನ್ನೆ ಬಂದವಳೇ ಹೇಳಿದಳು: “ಅಮ್ಮಮ್ಮ, ನಿಮ್ಮೂರ ಬಸ್ಸು ಕೇಳ್ಕೊಂಡು ಬಂದೀನಿ. ಹುಬ್ಬಳ್ಳ್ಯಾಗ ಬದಲಿ ಮಾಡಬೇಕಂತ. ಮೀನು ಉಂಡು ಬರ್ರಿ. ನನ್ನ ಚಿಂತಿ ಬ್ಯಾಡ.”

ಗುಣವಾದ ರೋಗಿಯೇ ನರ್ಸನ್ನು ಮನೆಗೆ ಕಳಿಸುತ್ತಿದ್ದಾಳೆ. ಕುಂದಾಪುರದವರಿಗೆ ನನ್ನ ಮಗಳ ಬಾಲ್ಯ ಗೊತ್ತು, ಇಲ್ಲಿಯ ಸಂಸಾರ ಗೊತ್ತಿಲ್ಲ. ಇಲ್ಲಿಯವರಿಗೆ ಸಂಸಾರ ಗೊತ್ತು, ಬಾಲ್ಯ ಗೊತ್ತಿಲ್ಲ. ಆ ಬಾಲ್ಯವನ್ನು ಶೈಲಾಳಿಗೆ ನಾನಿನ್ನೂ ಹೇಳಿಲ್ಲ. ಬಸ್ಸಿನ ಹೊತ್ತು ಕೇಳಿಟ್ಟುಕೊಂಡಿದ್ದೇನೆ, ಅದಕ್ಕೇ ಚೀಲ ಮಾತ್ರ ಕಟ್ಟಿಲ್ಲ.