ಬೆದರುಬೊಂಬೆಯ ತಲೆಗೆ ಮೈಸೂರು ಪೇಟ

ಹೆಬ್ಬಳ್ಳಿಯ ಜೋಳದ ಹೊಲದಲ್ಲಿ ನಿಂತಿದ್ದ ಬೆದರುಬೊಂಬೆಯನ್ನು ಕಂಡು ಸ್ಕೂಟರಿಗೆ ಬ್ರೇಕ್ ಹಾಕಿದೆ. ಅದರ ತಲೆಯ ಮೇಲೆ ಮೈಸೂರು ಪೇಟ, ಹೆಗಲಿಗೆ ಜರಿಶಾಲು. ಶಾಲಿನ ಅಂಚಿನಲ್ಲಿ ನಮ್ಮ ಶಾಲೆಯ ಹೆಸರು!

ಈ ಭಾಗಕ್ಕೆ ಮೊಟ್ಟಮೊದಲು ಕೃಷಿಹೊಂಡ ತೋಡಿ ತೋರಿಸಿ, ಮುಂದೆ ಶಾಸಕರೂ ಆಗಿದ್ದ ನಮ್ಮೂರ ಕಾಕಾನ ಹೊಲ ಅದು. ಅವರು ಆರಿಸಿ ಬಂದ ವರ್ಷ ಶಾಲೆಯಲ್ಲಿ ಸನ್ಮಾನ ಮಾಡಿ, ಆ ಪೇಟ ತೊಡಿಸಿದವನು ಅಲ್ಲಿ ಮಾಸ್ತರನಾಗಿದ್ದ ನಾನೇ.

ಬದುವಿನ ಮೇಲೆ ಕೂತಿದ್ದ ಕಾಕಾನ ಬಳಿ ಹೋಗಿ, "ಏನ್ರಿ ಕಾಕಾ, ನಾವು ಕೊಟ್ಟ ಮರ್ಯಾದಿ ಹಿಂಗ ಬಿಸಲಾಗ ನಿಂದರಿಸೀರಿ?" ಎಂದೆ, ತುಸು ಸಿಟ್ಟಿನಿಂದಲೇ.

ಅವರು ನಕ್ಕರು. "ಮೊದಲ ನನ್ನ ಹಳೇ ಅಂಗಿ ತೊಡಿಸಿದ್ದೆ ಮಾಸ್ತರ. ಗುಬ್ಬಿ ಬಂದು ಹೆಗಲ ಮ್ಯಾಲೇ ಕುಂಡ್ರತಿದ್ವು. ಪೇಟಾ ಇಟ್ಟೆ ನೋಡ್ರಿ, ಒಂದೂ ಹತ್ತರ ಬರವಲ್ದು. ನಾನದನ್ನ ತಲಿಗಿ ಇಟ್ಕೊಂಡ ದಿನದಿಂದ ಮಂದೀನೂ ಹಿಂಗ ದೂರ ನಿಂತ್ರು."

ಚಿಕ್ಕವನಿದ್ದಾಗ ಇದೇ ಬದುವಿನ ಮೇಲೆ ಅವರ ತೊಡೆಗೆ ತೊಡೆ ತಾಗಿಸಿ ಕೂತು, ಅವರ ಬುತ್ತಿಯ ರೊಟ್ಟಿ ಕಸಿದು ತಿಂದವನು ನಾನು. ಪೇಟ ತೊಡಿಸಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದವರಲ್ಲಿ ಮೊದಲನೆಯವನೂ ನಾನೇ.