ಜೇನು ಸಾಹೇಬರೂ ಕಲ್ಲಂಗಡಿಯ ಬಿಳಿ ಹೊದಿಕೆಯೂ

ಮಣ್ಣಿಗೆ ಪ್ಲಾಸ್ಟಿಕ್ ಹಾಸಿ, ಎಳೆ ಬಳ್ಳಿಗೆ ಬಟ್ಟೆ ಹೊದಿಸಿ, ಚಳಿ ಬಿಡುವ ಮೊದಲೇ ಕಲ್ಲಂಗಡಿ ಎಬ್ಬಿಸುವುದನ್ನು ನಮ್ಮ ಸುತ್ತಿನ ಊರುಗಳಿಗೆ ಕಲಿಸಿದವರು ಈ ತಿಂಗಳು ನಿವೃತ್ತರಾಗುತ್ತಿರುವ ತೋಟಗಾರಿಕೆ ಅಧಿಕಾರಿಗಳು. ಮೂವತ್ತೊಂದು ವರ್ಷದಲ್ಲಿ ಇಲಾಖೆ ಅವರಿಗೆ ಕೊಟ್ಟ ಪದವಿಗಳು ಹಲವು. ಜನ ಕೊಟ್ಟದ್ದು ಒಂದೇ, ಜೇನು ಸಾಹೇಬರು. ಆ ಹೆಸರು ಬಂದ ಬಗೆ ಹೇಳಿದರೆ ಅವರ ಗುಣವನ್ನೇ ಹೇಳಿದ ಹಾಗೆ.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಈ ಹೊಸ ಬೇಸಾಯ ತೋರಿಸಲು ಅವರು ಮನೆಮನೆ ತಿರುಗಿ ಹೊಲ ಕೇಳಿದರು. ಕೊಟ್ಟವರು ನಮ್ಮೂರ ದೊಡ್ಡಕ್ಕ ಒಬ್ಬರೇ. ಗಂಡ ತೀರಿಕೊಂಡ ಮೇಲೆ ಬಾವಿ ಪಕ್ಕದ ಅರ್ಧ ಎಕರೆಯನ್ನು ಆಕೆಯೇ ಮಾಡುತ್ತಿದ್ದರು. ಈ ಬೆಳೆ ಕೈಕೊಟ್ಟರೆ ಹೊಲ ತನ್ನ ಕೈಗೆ ಬರಬೇಕೆಂದು ಮೈದುನ ಮನೆಯವರೆಲ್ಲರ ಮುಂದೆ ಮಾತು ತೆಗೆದುಕೊಂಡಿದ್ದ. ಇದು ತಿಳಿದ ದಿನದಿಂದ ಸಾಹೇಬರಿಗೆ ಊಟ ಸೇರಲಿಲ್ಲ.

ಏರುಮಡಿಯ ಮೇಲೆ ಮಲ್ಚಿಂಗ್ ಪೇಪರ್ ಎನ್ನುವ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸುವಾಗ ಗಾಳಿ ಎದ್ದಿತು. ಅಂಚಿಗೆ ಮಣ್ಣು ಎಳೆಯುವವರೆಗೆ ಅದು ಹಾರದಿರಲೆಂದು ಸಾಹೇಬರು ಇಸ್ತ್ರಿ ಮಾಡಿದ ಅಂಗಿಯಲ್ಲೇ ಅದರ ಮೇಲೆ ಅಡ್ಡ ಮಲಗಿಬಿಟ್ಟರು. ಬಳ್ಳಿ ಎದ್ದ ಮೇಲೆ ತಂತಿಯ ಕಮಾನು ನೆಟ್ಟು ಬಿಳಿ ಬಟ್ಟೆ ಹೊದಿಸಿದರು.

"ಕೆಳಗೆ ಹಾಸಿಗೆ, ಮೇಲೆ ಹೊದಿಕೆ. ದಿಂಬು ಯಾವಾಗ ಬರುತ್ತೆ ಅತ್ತಿಗೆ?" ಎಂದ ಮೈದುನ.

"ಮೊದಲು ನೀನು ಹಾಸಿಗೆ ಬಿಟ್ಟು ಎದ್ದೇಳಪ್ಪ, ನಿನ್ನ ದಿಂಬೇ ತಂದು ಬಳ್ಳಿಗೆ ಕೊಡ್ತೀನಿ" ಎಂದರು ದೊಡ್ಡಕ್ಕ.

ಬಳ್ಳಿ ಹುಲುಸಾಗಿ ಹಬ್ಬಿತು. ಹೂ ಬಿಟ್ಟೊಡನೆ ಹೊದಿಕೆ ತೆಗೆಯಬೇಕು, ಇಲ್ಲದಿದ್ದರೆ ಜೇನುಹುಳ ಒಳಗೆ ಹೋಗುವುದಿಲ್ಲ. ಇದು ಸಾಹೇಬರೇ ಎಲ್ಲರಿಗೂ ಕಲಿಸಿದ ಪಾಠ. ಆದರೆ ಮೇಲಧಿಕಾರಿಗಳು ನೋಡಲು ಬರುವವರಿದ್ದರು. ಬಿಳಿ ಸಾಲುಗಳು ಕಣ್ಣಿಗೆ ಚೆಂದವೆಂದು, "ನಾನು ಹೇಳೋವರೆಗೂ ಮುಟ್ಟಬೇಡಿ ಅಕ್ಕ" ಎಂದುಬಿಟ್ಟರು. ಮೇಲಧಿಕಾರಿಗಳು ಹತ್ತು ದಿನ ತಡವಾಗಿ ಬಂದರು. ಹೊದಿಕೆ ಎತ್ತಿದರೆ ಎಲೆಯೋ ಎಲೆ. ಮಿಡಿಗಳೆಲ್ಲ ಹಳದಿಯಾಗಿ ಉದುರಿದ್ದವು.

"ಸಾಹೇಬ್ರೆ, ಎಲೆ ಯಾವ ಮಾರ್ಕೆಟ್ಟಿಗೆ ಹಾಕೋದು?" ಎಂದ ಮೈದುನ.

"ರೈತರು ಹೇಳಿದ ಹಾಗೆ ಮಾಡಲಿಲ್ಲವೇನೋ" ಎಂದು ಮೇಲಧಿಕಾರಿಗಳು ತಾವಾಗಿಯೇ ತಪ್ಪಿಸಿಕೊಳ್ಳಲು ದಾರಿ ಬಿಟ್ಟುಕೊಟ್ಟರು. ಸಾಹೇಬರ ಕಿವಿ ಕೆಂಪಾಯಿತು. ನುಸುಳಿಕೊಳ್ಳಬಹುದಿತ್ತು, ಅವರು ನುಸುಳಲಿಲ್ಲ.

"ಅಕ್ಕನ ತಪ್ಪಲ್ಲ ಸರ್, ಬಳ್ಳಿದೂ ಅಲ್ಲ. ನಿಮಗೆ ಚೆಂದ ಕಾಣ್ಲಿ ಅಂತ ಹೊದಿಕೆ ತೆಗೀಬೇಡಿ ಅಂದಿದ್ದು ನಾನೇ."

ಮರುದಿನ ಬೆಳಿಗ್ಗೆ ಆರಕ್ಕೆ ಅವರು ಸೈಕಲ್ಲಿನಲ್ಲಿ ಹೊಲಕ್ಕೆ ಬಂದರು. ಕಳೆದ ದಿನಗಳನ್ನು ತುಂಬಿಕೊಡಲು, ಹೊಸದಾಗಿ ಅರಳಿದವುಗಳಲ್ಲಿ ಗಂಡು ಹೂ ಕಿತ್ತು, ಪಕಳೆ ಬಿಡಿಸಿ, ಹೆಣ್ಣು ಹೂವಿಗೆ ಒಂದೊಂದಾಗಿ ಸವರತೊಡಗಿದರು. ಅರ್ಧ ಸಾಲು ಮುಗಿದಾಗ ದೊಡ್ಡಕ್ಕ ಬಗ್ಗಿ ನೋಡಿದರು.

"ಸಾಹೇಬ್ರೆ, ಎರಡೂ ಗಂಡೇ. ಬುಡದಲ್ಲಿ ಮಿಡಿ ಇರೋದು ಹೆಣ್ಣು. ಕನ್ನಡಕ ಎಲ್ಲಿ?"

ಕನ್ನಡಕ ಮನೆಯಲ್ಲಿತ್ತು. ಇಲಾಖೆಯವರು ಜೇನುಹುಳದ ಕೆಲಸಕ್ಕೂ ಜನ ಕಳಿಸ್ತಾರೆಂದು ಮೈದುನ ಊರೆಲ್ಲ ಸಾರಿ ಬಂದ. ಹೆಸರು ಬಂದದ್ದು ಅಂದೇ. ಹನ್ನೆರಡು ದಿನ ಹೀಗೆ ನಡೆಯಿತು. ಅಷ್ಟರಲ್ಲಿ ನಿಜವಾದ ಜೇನುಗಳೂ ಬಂದವು. ಫಸಲು ತುಸು ತಡವಾಯಿತು, ಆದರೆ ಕಾಯಿ ಎತ್ತಲು ಇಬ್ಬರು ಬೇಕಾಯಿತು. ಹೊಲ ದೊಡ್ಡಕ್ಕನ ಕೈಯಲ್ಲೇ ಉಳಿಯಿತು. ಮುಂದಿನ ವರ್ಷ ತಂತಿ ಕಮಾನು ಎರವಲು ಕೇಳಲು ಮೊದಲು ಬಂದವನು ಮೈದುನನೇ.

ಆಮೇಲೆ ಸಾಹೇಬರು ಯಾವ ಊರಿಗೆ ಹೋದರೂ ಮೊದಲು ತಮ್ಮ ತಪ್ಪನ್ನು ಹೇಳಿ, ನಂತರವೇ ಬೇಸಾಯ ಹೇಳಿದರು. ಕೊಯ್ಲು ಮುಗಿದ ಮೇಲೆ ಹರಿದ ಪ್ಲಾಸ್ಟಿಕ್ ಚೂರುಗಳನ್ನು ಮಣ್ಣಿನಲ್ಲಿ ಬಿಡದೆ, ರೈತರ ಜೊತೆ ತಾವೂ ಬಗ್ಗಿ ಆರಿಸಿದರು.

ಮೊನ್ನೆ ಬೀಳ್ಕೊಡುಗೆಯಲ್ಲಿ ದೊಡ್ಡಕ್ಕನಿಗೂ ಮೈಕು ಕೊಟ್ಟರು. ಆಕೆ ಹೇಳಿದ್ದು ಇಷ್ಟೇ: "ಇವರ ಮೇಲಿದ್ದ ಕಚೇರಿ ಹೊದಿಕೆ ಈಗ ತೆಗೆದಿದಾರೆ. ತಡ ಆಯ್ತು, ಪರವಾಗಿಲ್ಲ. ನಾಳೆ ಆರು ಗಂಟೆಗೆ ಬನ್ನಿ ಸಾಹೇಬ್ರೆ, ಕನ್ನಡಕ ಹಾಕ್ಕೊಂಡೇ ಬನ್ನಿ."

ಅವರು ನೂರು ಕಾಲ ಗಟ್ಟಿಮುಟ್ಟಾಗಿ ಬಾಳಲಿ. ಈ ಹಾರೈಕೆಯಲ್ಲಿ ನಮ್ಮ ಸ್ವಾರ್ಥವೂ ಸ್ವಲ್ಪ ಇದೆ. ಈ ವರ್ಷದ ಬಳ್ಳಿ ಆಗಲೇ ಹೂವಿಗೆ ಬಂದಿದೆ.