ಶಾಮರಾವ್ ಮಾಸ್ತರರು ಬದರಿಗೆ ಹೋಗದೆ ಉಳಿದದ್ದು

೧೯೭೨ರಲ್ಲಿ ಚಂದಾಪುರದ ಎಂಟು ಮಂದಿಯ ಬದರಿ ಯಾತ್ರೆಯ ಹೊಣೆ ಹೊತ್ತವರು ಶಾಮರಾವ್ ಮಾಸ್ತರರು. ವಾಡಿಯಲ್ಲಿ ಹತ್ತುವ ರೈಲಿನಿಂದ ಹಿಡಿದು ಹಿಮದಲ್ಲಿ ತೊಡುವ ಕಾಲುಚೀಲದವರೆಗೆ ಎಲ್ಲವನ್ನೂ ಬರೆದಿಟ್ಟಿದ್ದರು. ಹತ್ತು ಸಾವಿರ ಅಡಿ ಎತ್ತರ, ಎಲ್ಲರೂ ಡಾಕ್ಟರಿಗೆ ತೋರಿಸಿಕೊಳ್ಳಲೇಬೇಕು ಎಂದವರೂ ಅವರೇ.

ತೀರಿಹೋದ ಅಣ್ಣನ ಹೆಂಡತಿ ಅನಸೂಯಾಬಾಯಿಯೊಂದಿಗೆ ತಾವೂ ಡಾಕ್ಟರ ಬಳಿ ಹೋದರು. ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿ, ಮಾಸ್ತರರೊಬ್ಬರನ್ನೇ ಮತ್ತೆ ಒಳಗೆ ಕರೆದರು. "ನಿಮ್ಮ ಎದಿ ತಡಿಯಂಗಿಲ್ರಿ, ಹೋಗಬ್ಯಾಡ್ರಿ."

ಹೊರಬಂದ ಕೂಡಲೇ ಅನಸೂಯಾಬಾಯಿ ಕೇಳಿದರು: "ಏನಂದ್ರು?"

ಏನಾದರೊಂದು ಹೇಳಲೇಬೇಕಿತ್ತು. "ವೈನಿ, ನಿಮಗ ಬ್ಯಾಡ ಅಂದ್ರು" ಎಂದುಬಿಟ್ಟರು ಮಾಸ್ತರರು.

ಆಕೆ ಎದುರಾಡಲಿಲ್ಲ. ಮರುದಿನ, ತನಗೆಂದು ಹೆಣೆದುಕೊಂಡಿದ್ದ ಉಣ್ಣೆಯ ಮಫ್ಲರ್ ತಂದು, "ನೀವರೆ ಹಾಕ್ಕೋರಿ, ಅಲ್ಲಿ ಥಂಡಿ ಭಾಳ" ಎಂದು ಮಾಸ್ತರರ ಕೈಗಿಟ್ಟರು. ಅವರಿಗೆ ತಲೆ ಎತ್ತಲಾಗಲಿಲ್ಲ.

"ಡಾಕ್ಟರು ಅಂದಿದ್ದು ನಿಮಗಲ್ಲ ವೈನಿ, ನನಗ."

ಅನಸೂಯಾಬಾಯಿ ಕೇಳಿದರು: "ಮತ್ತ ನನ್ನ ಹೆಸರು ಯಾಕ ಹೇಳಿದ್ರಿ?"

ಹೆದರಿದ್ದೆ, ನಾಚಿಕೆಯಾಗಿತ್ತು ಎಂದು ಹೇಳಲೂ ಮಾಸ್ತರರಿಗೆ ಬಾಯಿ ಬರಲಿಲ್ಲ.

ಹೊರಡುವ ದಿನ ವಾಡಿ ಸ್ಟೇಷನ್ನಿನಲ್ಲಿ ಎಲ್ಲರೂ ಅವರನ್ನು ಮುತ್ತಿಕೊಂಡು, ಯಾಕೆ ಬರುತ್ತಿಲ್ಲವೆಂದು ಕೇಳಿದರು. ಮಾಸ್ತರರು ತಡವರಿಸುವಷ್ಟರಲ್ಲಿ ಅನಸೂಯಾಬಾಯಿಯೇ ಉತ್ತರ ಕೊಟ್ಟರು: "ಇಬ್ಬರೂ ಹೋದ್ರ ಮನಿ ನೋಡೋರಿಲ್ಲಂತ ನನ್ನ ಕಳಿಸಿ ತಾವು ಉಳದಾರ."

ಎಂಥ ದೊಡ್ಡ ಮನಸ್ಸು ಎನ್ನುತ್ತ ಯಾತ್ರಿಕರು ಒಬ್ಬೊಬ್ಬರಾಗಿ ಬಂದು ಮಾಸ್ತರರ ಕಾಲು ಮುಟ್ಟಿದರು. ಕಾಲು ಹಿಂದಕ್ಕೆಳೆದುಕೊಳ್ಳುವ ಧೈರ್ಯವೂ ಅವರಿಗೆ ಬರಲಿಲ್ಲ.